ಕಾರಿನ ಹೊಗೆಯೂ ಎರಡು ಊರಿನ ಆಕ್ಸೈಡೂ

ಸಂಜೆ ಗಚ್ಚಿಬೌಲಿ ಟ್ರಾಫಿಕ್‌ನಲ್ಲಿ ನಿಂತಿರೋ ಪ್ರತಿ ಪೆಟ್ರೋಲ್ ಕಾರಿನ ಅಡಿಯಲ್ಲೂ ಒಂದು ಪುಟ್ಟ ರಸಾಯನ ಕಾರ್ಖಾನೆ ನಡೀತಿರುತ್ತೆ: ಕ್ಯಾಟಲಿಟಿಕ್ ಕನ್ವರ್ಟರ್. ನಾನು ಎಂ.ಟೆಕ್‌ನಲ್ಲಿ ಓದಿದ್ದು ಕಂಪ್ಯೂಟರ್ ಸೈನ್ಸ್. ಆದರೂ ಇವತ್ತು ಇದರ ಇತಿಹಾಸ ಹೇಳ್ತೀನಿ, ಯಾಕಂದ್ರೆ ಇದರಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ, ನಾವೀಗ ಇರೋ ಹೈದರಾಬಾದಿಗೂ ಪಾಲಿದೆ.

ಇದು ಫಿಲ್ಟರ್ ಅಲ್ಲ. ಹೊಗೆಯನ್ನು ಸೋಸಲ್ಲ, ಬದಲಾಯಿಸುತ್ತೆ. ಜೇನುಗೂಡಿನಂಥ ಸೆರಾಮಿಕ್ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ಅತಿ ಸಣ್ಣ ಕಣಗಳಿರುತ್ತವೆ. ಕಾರ್ಬನ್ ಮಾನಾಕ್ಸೈಡ್ ಆ ಲೋಹದ ಮೇಲ್ಮೈಗೆ ಅಂಟುತ್ತೆ, ಪಕ್ಕದಲ್ಲಿ ಕೂತ ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಡುತ್ತೆ. ಖಾಲಿಯಾದ ಜಾಗಕ್ಕೆ ಮುಂದಿನ ಅಣು. ಕೆಲಸವೆಲ್ಲ ಮೇಲ್ಮೈಯದ್ದೇ.

ಮೇಲ್ಮೈ ಮುಚ್ಚಿದರೆ ಕೆಲಸ ನಿಂತಿತು. ಪೆಟ್ರೋಲಿನ ಸೀಸ ಮಾಡ್ತಿದ್ದದ್ದು ಇದನ್ನೇ. ಹಾಗಾಗಿ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದಾಗ ಸೀಸರಹಿತ ಪೆಟ್ರೋಲನ್ನೂ ಜೊತೆಗೇ ತರಬೇಕಾಯ್ತು. 2000ದಲ್ಲಿ ದೇಶದೆಲ್ಲೆಡೆ ಅದೇ ಬಂತು. ಮಕ್ಕಳ ಮಿದುಳಿಗೆ ಸೀಸ ವಿಷ, ಅದು ತೊಲಗಿದ್ದು ದೊಡ್ಡ ಲಾಭ.

ಎರಡನೇ ಶತ್ರು ಕಾವು. ಬಿಸಿಗೆ ಲೋಹದ ಕಣಗಳು ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ. ಲೋಹ ಅಷ್ಟೇ ಇರುತ್ತೆ, ಮೇಲ್ಮೈ ಮಾತ್ರ ಕಡಿಮೆಯಾಗುತ್ತೆ.

ಇಲ್ಲಿಂದ ಬೆಂಗಳೂರಿನ ಕಥೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲರು ಮತ್ತು ಅವರ ವಿದ್ಯಾರ್ಥಿ 1988ರಲ್ಲಿ ಆಕ್ಸೈಡ್ ತಯಾರಿಸುವ ಹೊಸ ದಾರಿಯೊಂದನ್ನು ಪ್ರಕಟಿಸಿದರು. ಅಲ್ಯುಮಿನಿಯಂ ನೈಟ್ರೇಟ್, ಜೊತೆಗೆ ಯೂರಿಯಾ, ಅದೇ ಹೊಲಕ್ಕೆ ಹಾಕೋ ಯೂರಿಯಾ! 500 ಡಿಗ್ರಿಯ ಕುಲುಮೆಗಿಟ್ಟರೆ ಮಿಶ್ರಣ ತಾನೇ ಧಗ್ಗನೆ ಹೊತ್ತಿ, ಐದೇ ನಿಮಿಷದೊಳಗೆ ನೊರೆಯಂಥ ಬಿಳಿ ಅಲ್ಯುಮಿನಾ ರೆಡಿ.

ಅದೇ ಸಂಸ್ಥೆಯ ಎಂ.ಎಸ್. ಹೆಗಡೆಯವರ ತಂಡ ಈ ದಹನ ವಿಧಾನದಲ್ಲೇ ಸೀರಿಯಂ ಆಕ್ಸೈಡ್, ಅಂದ್ರೆ ಸೀರಿಯಾ, ಮಾಡಿತು. ಪ್ಲಾಟಿನಂ, ಪಲ್ಲಾಡಿಯಂಗಳನ್ನು ಅದರ ಮೇಲೆ ಕಣವಾಗಿ ಉದುರಿಸಲಿಲ್ಲ. ಶೇಕಡಾ ಒಂದೆರಡರಷ್ಟು ಸೀರಿಯಂ ಪರಮಾಣುಗಳ ಜಾಗದಲ್ಲಿ ಅಯಾನುಗಳಾಗಿ ಕೂರಿಸಿತು. ಒಂದೊಂದು ಅಯಾನೂ ಬೇರೆಬೇರೆ, ಕೂಡಿ ದಪ್ಪವಾಗೋ ಕಾಟ ಕಡಿಮೆ. ಪ್ಲಾಟಿನಂ ಗುಂಪಿನ ಲೋಹಕ್ಕೆ ಬಹುಪಾಲು ಆಮದನ್ನೇ ನಂಬಿರೋ ನಮ್ಮಂಥ ದೇಶಕ್ಕೆ ಒಂದೊಂದು ಪರಮಾಣುವನ್ನೂ ದುಡಿಸೋದು ಸಣ್ಣ ಮಾತಲ್ಲ.

ಸೀರಿಯಾವೇ ಯಾಕೆ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದೊಂದು ಬಫರ್. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾದಾಗ ಇಟ್ಟುಕೊಳ್ಳುತ್ತೆ, ಕಡಿಮೆಯಾದಾಗ ಕೊಡುತ್ತೆ. ಆದರೆ ಬರೀ ಸೀರಿಯಾ ಕಾವಿಗೆ ಸೊರಗುತ್ತೆ. ಜಿರ್ಕೋನಿಯಾದಂಥವು ಬೆರೆತರೆ ತಾಳಿಕೆ ಬರುತ್ತೆ. ಇಂಥ ಮಿಶ್ರ ಆಕ್ಸೈಡ್‌ಗಳ ಮೇಲೆ ವರ್ಷಗಟ್ಟಲೆ ದುಡಿದದ್ದು ಇಲ್ಲೇ ತಾರ್ನಾಕದ ಐಐಸಿಟಿಯಲ್ಲಿ, ಬೆಂಜರಂ ಎಂ. ರೆಡ್ಡಿಯವರ ತಂಡ. 1944ರಲ್ಲಿ ನಿಜಾಮರ ಸರ್ಕಾರ ಕಟ್ಟಿದ ಪ್ರಯೋಗಾಲಯವೇ ಮುಂದೆ ಐಐಸಿಟಿ ಆದದ್ದು.

ಕನ್ವರ್ಟರ್ ತೆಗೆಸಿದ್ರೆ ಪಿಕಪ್ ಬರುತ್ತೆ ಅಂತ ಯಾರಾದ್ರೂ ನಿಮಗೆ ಹೇಳಬಹುದು. ತೆಗೆಸಬೇಡಿ. ಹಿಂದಿನ ಬೈಕಿನಲ್ಲಿ ಕೂತ ಮಗು ಉಸಿರಾಡೋದು ಅದೇ ಗಾಳಿಯನ್ನ.