ಗೋಮಾಳದ ಹುಲ್ಲು, ಕೊಟ್ಟಿಗೆಯ ಬಾನಿ

ಬಂಗಾರಪೇಟೆ, ಕೆಜಿಎಫ್ ಸುತ್ತಲಿನ ಹಳ್ಳಿಗಳಲ್ಲಿ ಗೋಮಾಳದ ಹುಲ್ಲೊಂದನ್ನೇ ನಂಬಿ ಕರು ಬೆಳೆಸುವುದು ಎಂದೂ ಸುಲಭವಾಗಿರಲಿಲ್ಲ. ಮಳೆಯನ್ನೇ ನೆಚ್ಚಿದ ಬಯಲುಸೀಮೆಯಿದು. ಮುಂಗಾರಿಗೆ ಚಿಗುರಿದ ಹುಲ್ಲು ಸಂಕ್ರಾಂತಿಯ ಹೊತ್ತಿಗೆ ಒಣಗಿ ಕಡ್ಡಿಯಾಗುತ್ತದೆ. ಅದರಲ್ಲಿ ಸಸಾರಜನಕ ತೀರ ಕಡಿಮೆ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೇ ಆಹಾರ ಸಾಲದೆ ನಾರು ಕರಗುವುದಿಲ್ಲ. ದಿನವಿಡೀ ಮೇಯ್ದು ಬಂದ ಕರುವಿನ ಹೊಟ್ಟೆ ಉಬ್ಬಿ ಕಂಡರೂ ಪಕ್ಕೆಲುಬು ಎದ್ದೇ ಇರುತ್ತದೆ.

ಈ ಕೊರತೆಯನ್ನು ತುಂಬುತ್ತಿದ್ದುದು ಮನೆಯ ಬಾನಿ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ಸೇರಿದ ಕಲಗಚ್ಚಿಗೆ ಒಂದು ಹಿಡಿ ತೌಡೋ ಬೂಸವೋ ಬೀಳುತ್ತಿತ್ತು. ಹುರುಳಿ ಬೇಯಿಸಿದ ದಿನ ಬಸಿದ ಕಟ್ಟು ಮನೆಯವರ ಸಾರಿಗೆ, ಬೆಂದ ಕಾಳು ದನಕ್ಕೆ. ಗಾಣದಿಂದ ಬಂದ ಹೊಂಗೆ ಹಿಂಡಿ ಹೊಲಕ್ಕೆ ಗೊಬ್ಬರವಾದರೆ ಕಡಲೆಕಾಯಿ ಹಿಂಡಿ ನೆನೆದು ಬಾನಿ ಸೇರುತ್ತಿತ್ತು. ಬೇಸಿಗೆಗೆ ರಾಗಿ ಹುಲ್ಲಿನ ಮೆದೆ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು ಕೂಡ ಒಳ್ಳೆಯ ಮೇವು. ಪೌಷ್ಟಿಕಾಂಶದ ಕೋಷ್ಟಕ ಕಾಣದ ಹೆಣ್ಣುಮಕ್ಕಳು ನಡೆಸಿಕೊಂಡು ಬಂದ ಈ ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇತ್ತು.

ಮಾಂಸಕ್ಕೆಂದು ಕರು ಮೇಯಿಸುವ ಉದ್ಯಮ ಇಲ್ಲಿ ಬೆಳೆಯಲಿಲ್ಲ. ಹೋರಿಗರು ನೇಗಿಲಿಗೆ, ಗಾಡಿಗೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ನ ಚಿನ್ನದ ಗಣಿಗೆ ಕೈಹಾಕಿತು. 1894ರಲ್ಲಿ ಬಂಗಾರಪೇಟೆಯಿಂದ ಗಣಿಗೆ ರೈಲು ಹಳಿ ಬೀಳುವ ತನಕ ಸಾಗಣೆಗೆ ಎತ್ತಿನ ಗಾಡಿಯೇ ಆಸರೆ. ಗಣಿಯೂರು ತುಂಬಿಕೊಂಡಂತೆ ಹಾಲಿಗೂ ಗಿರಾಕಿ ಹೆಚ್ಚಿದರು.

1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕದಲ್ಲಿ ಹೈನು ಅಭಿವೃದ್ಧಿ ಯೋಜನೆ ಶುರುವಾಯಿತು. ಆಮೇಲೆ ಹಳ್ಳಿಹಳ್ಳಿಗೆ ಹಾಲಿನ ಡೇರಿ, ಸೀಮೆಹಸು, ಅದರ ಹಿಂದೆಯೇ ಫೀಡ್ಸ್ ಮೂಟೆ ಬಂದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಹಾಲಿನ ಲೆಕ್ಕ ನಿಲ್ಲಲಿಲ್ಲ. ಆದರೆ ಮೂಟೆಯ ಪಾಲು ಮೊದಲು ಕರೆಯುವ ಹಸುವಿಗೆ ಹೋಗುತ್ತದೆ. ಕಡಸಿಗೆ ಉಳಿದಷ್ಟು, ಸೀಮೆಹಸುವಿನ ಗಂಡುಗರುವಿಗೆ ಅದೂ ಇಲ್ಲ. ಇದು ಅನ್ಯಾಯವಷ್ಟೇ ಅಲ್ಲ, ನಷ್ಟವೂ ಹೌದು: ಹಸಿದು ಬೆಳೆದ ಕಡಸು ತಡವಾಗಿ ಬೆದೆಗೆ ಬರುತ್ತದೆ.

ಕಡಿಮೆ ಖರ್ಚಿನ ದಾರಿಯೂ ಇದೆ. 4 ಕಿಲೊ ಯೂರಿಯಾವನ್ನು 50ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, 100 ಕಿಲೊ ಒಣಹುಲ್ಲಿಗೆ ಪದರಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಹುಲ್ಲು ಮೆತ್ತಗಾಗಿ ಸತ್ವ ಹೆಚ್ಚುತ್ತದೆ. ತೆಗೆದು ಸ್ವಲ್ಪ ಹೊತ್ತು ಗಾಳಿಗೆ ಆರಲು ಬಿಟ್ಟು ಹಾಕಬೇಕು. ಆರು ತಿಂಗಳು ತುಂಬದ ಕರುವಿಗೆ ಮಾತ್ರ ಈ ಹುಲ್ಲು ಕೊಡಬಾರದು. ಅದಕ್ಕೆ ಹಾಲು, ಹಸಿರು ಮೇವು, ಹಿಂಡಿಯೇ ಆಗಬೇಕು.