ಸುಳ್ಳಿಗೆ ಲಾಭವಿಲ್ಲದ ಹರಾಜು

ಶಿವಗಂಗೆ ಬೆಟ್ಟದ ಬುಡದಲ್ಲಿ ರಾಗಿ ಬೆಳೆಯುವ ಹತ್ತು ಮಂದಿ ರೈತರು ಒಟ್ಟಾಗಿ ಗೊಬ್ಬರ ಕೊಳ್ಳಲು ಹೊರಟರೆನ್ನಿ. ಮೂವರು ವರ್ತಕರು ದರ ಹೇಳುತ್ತಾರೆ. ಅಸಲು ಎಷ್ಟು ಬಿದ್ದಿದೆಯೆಂಬುದು ಆಯಾ ವರ್ತಕನಿಗೆ ಮಾತ್ರ ಗೊತ್ತು. ಅದನ್ನು ಅವನ ಬಾಯಿಂದಲೇ ಹೊರಡಿಸುವುದು ಹೇಗೆ? ಸಂತೆಯಷ್ಟೇ ಹಳೆಯದಾದ ಇಂಥ ಪ್ರಶ್ನೆಗಳಿಗೆ ಗಣಿತದ ಉತ್ತರ ಹುಡುಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ವೈ. ನರಹರಿ.

ಎದುರಾಳಿ ಏನು ಮಾಡಿಯಾನೆಂದು ಊಹಿಸಿ ನಮ್ಮ ನಡೆ ನಿರ್ಧರಿಸುವ ಸಂದರ್ಭಗಳ ಗಣಿತವೇ ಆಟಗಳ ಸಿದ್ಧಾಂತ. 1928ರಲ್ಲಿ ಜಾನ್ ಫಾನ್ ನಾಯ್ಮನ್ ಅದಕ್ಕೆ ತಳಪಾಯ ಹಾಕಿದರು. 1950ರಲ್ಲಿ ಜಾನ್ ನ್ಯಾಶ್ ಅದರ ವ್ಯಾಪ್ತಿ ಹಿಗ್ಗಿಸಿದರು. ಇರುವ ಆಟವನ್ನು ಬಿಡಿಸುವುದು ಒಂದು ಬಗೆ. ಆಟದ ನಿಯಮವನ್ನೇ ಬೇಕಾದಂತೆ ಕಟ್ಟುವುದು ಇನ್ನೊಂದು. ನರಹರಿಯವರನ್ನು ಹೆಚ್ಚು ಸೆಳೆದದ್ದು ಎರಡನೆಯದು.

ಅವರ ಆರಂಭದ ಕೆಲಸ ಕಾರ್ಖಾನೆಗಳದು. 1988ರಲ್ಲಿ ವಿಜ್ಞಾನ ಸಂಸ್ಥೆಯಲ್ಲೇ ಡಾಕ್ಟರೇಟ್ ಪಡೆದು ಅಲ್ಲೇ ಅಧ್ಯಾಪಕರಾದರು. ಎನ್. ವಿಶ್ವನಾಧಂ ಅವರೊಡನೆ 1992ರಲ್ಲಿ ಪ್ರಕಟಿಸಿದ ಗ್ರಂಥ ಸ್ವಯಂಚಾಲಿತ ಕಾರ್ಖಾನೆಗಳ ಕಾರ್ಯಕ್ಷಮತೆಯನ್ನು ಲೆಕ್ಕ ಹಾಕುವುದನ್ನು ಕುರಿತದ್ದು. ಯಂತ್ರ ಸುಳ್ಳು ಹೇಳುವುದಿಲ್ಲ. ಬಿಡಿಭಾಗ ಮಾರಲು ಬರುವ ಮನುಷ್ಯನ ಮಾತು ಬೇರೆ. ಮುಂದೆ ಅವರ ಲಕ್ಷ್ಯ ಖರೀದಿ, ಹರಾಜುಗಳತ್ತ ಹೊರಳಿತು. 2009ರಲ್ಲಿ ಶಿಷ್ಯರೊಡನೆ ಒಂದು, 2014ರಲ್ಲಿ ಒಬ್ಬರೇ ಒಂದು ಗ್ರಂಥ ತಂದರು.

ಈ ವಿದ್ಯೆಯ ಮೂಲಪಾಠ 1961ರಲ್ಲಿ ವಿಲಿಯಂ ವಿಕ್ರಿ ತೋರಿಸಿದ ಹರಾಜು. ನಮ್ಮ ಗೊಬ್ಬರಕ್ಕೆ ಅದನ್ನು ಹೊಂದಿಸೋಣ. ವರ್ತಕರು ಮುಚ್ಚಿದ ಲಕೋಟೆಯಲ್ಲಿ ದರ ಕೊಡಬೇಕು. ಕಡಿಮೆ ಬರೆದವನಿಗೆ ವ್ಯಾಪಾರ. ಆದರೆ ಅವನಿಗೆ ಸಲ್ಲುವುದು ಎರಡನೆಯವನು ಬರೆದ ದರ. ಒಬ್ಬನ ಅಸಲು ಚೀಲಕ್ಕೆ 1000 ರೂಪಾಯಿ, ಎರಡನೆಯವನು ಬರೆದದ್ದು 1080. ಮೊದಲನೆಯವನು 1000 ಬರೆದರೂ 1060 ಬರೆದರೂ ಕೈಗೆ ಬರುವುದು 1080ರೂಪಾಯಿಯೇ. ಆಸೆಪಟ್ಟು 1100 ಬರೆದನೋ, ವ್ಯಾಪಾರವೇ ಹೋಯಿತು. ಹಾಗಾಗಿ ನಿಜ ಬರೆಯುವುದೇ ಅವನಿಗೆ ಕ್ಷೇಮ. ಆಣೆ ಪ್ರಮಾಣ ಬೇಕಿಲ್ಲ. ವರ್ತಕರೆಲ್ಲ ಮೊದಲೇ ಚಹಾದಂಗಡಿಯಲ್ಲಿ ಮಾತಾಡಿಕೊಂಡರೆ ಮಾತ್ರ ಈ ಜಾಣ್ಮೆ ನೀರುಪಾಲು!

ಇದು ಬರಿಯ ಕಲ್ಪನೆಯ ಮಾತಲ್ಲ. ರೈತ ಸಂಘಟನೆಗಳು ಬೀಜ, ಗೊಬ್ಬರಗಳನ್ನು ಸಗಟಾಗಿ ಕೊಳ್ಳಲು ತಕ್ಕ ಹರಾಜನ್ನು ನರಹರಿಯವರ ತಂಡ ವಿವರಿಸಿದೆ. ಹೆಚ್ಚು ಕೊಂಡಷ್ಟೂ ರಿಯಾಯಿತಿ ಸಿಗಬೇಕು, ರೈತನ ಖರ್ಚು ಇಳಿಯಬೇಕು, ಮಾರುವವರಿಗೆ ಅನ್ಯಾಯವಾಗಬಾರದು, ಸುಳ್ಳಿಗೆ ಲಾಭವಿರಬಾರದು. ಇವೆಲ್ಲ ಏಕಕಾಲಕ್ಕೆ ಪೂರ್ಣವಾಗಿ ಕೂಡಿಬರುವುದು ಗಣಿತದಲ್ಲಿಯೇ ಅಸಾಧ್ಯ. ಆದ್ದರಿಂದ ಎಲ್ಲಕ್ಕೂ ಆದಷ್ಟು ಹತ್ತಿರ ಬರುವ ನಿಯಮವನ್ನು ಕಂಪ್ಯೂಟರೇ ಕಲಿತು ಹುಡುಕುವ ವಿಧಾನವನ್ನು ಅವರು ಬಳಸಿದರು.