ವಕೀಲರಿಲ್ಲದೆ ಮಗುವಿನ ಸುಪರ್ದಿ: 13ನೇ ಕಲಂ ಕುರಿತು ಒಂದು ಟಿಪ್ಪಣಿ

1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ 13ನೇ ಕಲಂ ಪ್ರಕಾರ, ವಕೀಲರ ಮೂಲಕ ವಾದಿಸುವುದು ಅಲ್ಲಿ ಯಾರಿಗೂ ಹಕ್ಕಲ್ಲ. ನ್ಯಾಯದ ದೃಷ್ಟಿಯಿಂದ ಅಗತ್ಯ ಕಂಡರೆ ನ್ಯಾಯಾಲಯವೇ ಕಾನೂನು ಬಲ್ಲವರೊಬ್ಬರನ್ನು ಅಮಿಕಸ್ ಕ್ಯೂರಿಯಾಗಿ ಕರೆಸಿಕೊಳ್ಳಬಹುದು. ಗಂಡ ಹೆಂಡತಿ ತಾವೇ ನಿಂತು ಮಾತಾಡಲಿ ಎಂಬುದು ಆಶಯ. ರೂಢಿ ಬೇರೆ ದಾರಿ ಹಿಡಿದಿದೆ: ವಕೀಲರಿಗೆ ಅನುಮತಿ ಸಿಗುವುದು ವಾಡಿಕೆಯಾಗಿದ್ದು, ಒಂಟಿಯಾಗಿ ಬಂದವರು ಎದುರು ಪಕ್ಷದ ವಕೀಲರ ಪಾಟೀಸವಾಲಿಗೆ ಉತ್ತರಿಸಬೇಕಾಗುತ್ತದೆ.

ಈ ಕಲಮನ್ನು ಬಿಡಿಯಾಗಿ ಓದುವುದು ಸರಿಯಲ್ಲ. ಇತ್ಯರ್ಥಕ್ಕಾಗಿ ಅಥವಾ ಸತ್ಯ ತಿಳಿಯಲು ನ್ಯಾಯಾಲಯ ತನ್ನದೇ ಕಾರ್ಯವಿಧಾನ ರೂಪಿಸಿಕೊಳ್ಳಬಹುದು ಎನ್ನುತ್ತದೆ 10(3). ಸಾಕ್ಷ್ಯ ಕಾನೂನಿನ ಕಟ್ಟುಪಾಡಿಗೆ ಹೊಂದದಿದ್ದರೂ, ವಿವಾದ ಬಗೆಹರಿಸಲು ನೆರವಾಗುವ ಯಾವುದೇ ದಾಖಲೆ ಅಥವಾ ಹೇಳಿಕೆಯನ್ನು ಸ್ವೀಕರಿಸಲು 14 ಅವಕಾಶ ಕೊಡುತ್ತದೆ. ಈ ಎರಡನ್ನೂ ಬಳಸದೆ 13ನ್ನಷ್ಟೇ ಉಳಿಸಿಕೊಂಡರೆ ವಕೀಲರಿಲ್ಲದವರಿಗೆ ಅದು ಶಿಕ್ಷೆಯೇ ಸರಿ. ಶಾಲೆಯ ಹಾಜರಿ, ಲಸಿಕೆ ಕಾರ್ಡು, ವೈದ್ಯರ ಚೀಟಿ ಹಿಡಿದು ಬಂದ ತಂದೆಯೋ ತಾಯಿಯೋ 14ನೇ ಕಲಮಿನ ಹೆಸರೆತ್ತಿಯೇ ಅವುಗಳನ್ನು ಹಾಜರುಪಡಿಸಬೇಕು.

ಅಂಥ ಕಾಗದಗಳಿಗೆ ಇಲ್ಲಿ ತೂಕವಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮದ 13ನೇ ಕಲಂ ಮಗುವಿನ ಹಿತವನ್ನೇ ಪರಮವೆಂದಿದೆ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆನ್ನುವ 6ನೇ ಕಲಮೂ ಈ ಹಿತಕ್ಕೆ ಅಧೀನ. ಮಗುವನ್ನು ಬೆಳಿಗ್ಗೆ ಎಬ್ಬಿಸುವವರು ಯಾರು, ಜ್ವರ ಬಂದಾಗ ರಜೆ ಹಾಕುವವರು ಯಾರು ಎಂಬುದನ್ನು ಹೇಳಲು ವಕೀಲರು ಬೇಕಿಲ್ಲ. ಆದರೂ ಸ್ವತಃ ಬರೆದ ಅರ್ಜಿಗಳು ಸಂಗಾತಿಯ ತಪ್ಪುಗಳ ಪಟ್ಟಿಯಾಗಿ ಬೆಳೆದು ಮಗು ಕೊನೆಯ ಪುಟಕ್ಕೆ ಸರಿಯುವುದುಂಟು. ನೊಂದವರು ಹಾಗೆ ಬರೆಯುವುದು ಸಹಜವೇ. ಪ್ರಕರಣಕ್ಕೆ ಅದರಿಂದ ನಷ್ಟ.

ಕಾನೂನಿನ ಅರಿವು ನಿಜಕ್ಕೂ ಬೇಕಾಗುವ ಜಾಗ ಇನ್ನೊಂದು. 1890ರ ಪೋಷಕರು ಮತ್ತು ಪಾಲ್ಯರ ಅಧಿನಿಯಮದ 9ನೇ ಕಲಂ ಪ್ರಕಾರ, ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿ ಬೆಳೆದ ಮಗುವನ್ನು ಕಳೆದ ತಿಂಗಳಷ್ಟೇ ಹಾಸನದ ಅಜ್ಜಿಮನೆಗೆ ಕರೆದೊಯ್ದಿದ್ದರೆ ವಾಸ ಎಲ್ಲಿಯದು? ಉತ್ತರ ಸುಲಭವಲ್ಲ, ಮತ್ತು ತಪ್ಪಿದರೆ ಅರ್ಜಿ ವಾಪಸಾಗುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ.

ನನಗೆ ಹೆಚ್ಚು ಆತಂಕ ತರುವುದು ರಾಜಿ. ಅದಕ್ಕೆ ಪ್ರಯತ್ನಿಸುವುದು ಕೌಟುಂಬಿಕ ನ್ಯಾಯಾಲಯದ ಕರ್ತವ್ಯ; ಆದರೆ ಒಪ್ಪಿಗೆಯಿಂದಾದ ಆದೇಶದ ಮೇಲೆ 1984ರ ಅಧಿನಿಯಮದ 19(2)ರಂತೆ ಮೇಲ್ಮನವಿ ಇಲ್ಲ. ರೋಸಿ ಜೇಕಬ್ ಪ್ರಕರಣದಲ್ಲಿ (1973) ಸುಪ್ರೀಂ ಕೋರ್ಟ್, ಒಪ್ಪಿಗೆಯ ಸುಪರ್ದಿ ಆದೇಶವನ್ನೂ ಮಗುವಿನ ಹಿತಕ್ಕಾಗಿ ಬದಲಿಸಬಹುದು ಎಂದಿದೆ, ನಿಜ. ಆ ಬದಲಾವಣೆಗೆ ಮತ್ತೆ ಅರ್ಜಿ, ಮತ್ತೆ ವಾಯಿದೆ. ಆದ್ದರಿಂದ ರಾಜಿ ಪತ್ರಕ್ಕೆ ಸಹಿ ಬೀಳುವ ಮುನ್ನ, ವಕೀಲರಿಲ್ಲದ ಪಕ್ಷಗಾರರಿಗೆ ಅದರ ಷರತ್ತುಗಳನ್ನು ವಿವರಿಸಲು ನ್ಯಾಯಾಲಯ ಅಮಿಕಸ್ ನೆರವನ್ನು ತಾನಾಗಿಯೇ ಪಡೆಯಬೇಕು ಎಂಬುದು ನನ್ನ ವಾದ. ಪಕ್ಷಗಾರರೂ ಕೇಳಬಹುದು. ಮಹಿಳೆಯರಿಗಂತೂ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಂ ಪ್ರಕಾರ, ಆದಾಯ ಎಷ್ಟೇ ಇರಲಿ, ಜಿಲ್ಲಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯುವ ಅರ್ಹತೆ ಇದೆ.